ನೆಲದೊಳಗಿನ ಜಲಾಶಯಕ್ಕೂ ಲೆಕ್ಕ ಬೇಕು



ಮಳೆಗಾಲದಲ್ಲಿ ವಾಚನಾಲಯಕ್ಕೆ ಪತ್ರಿಕೆ ಬಂದ ಕೂಡಲೇ ನಿಮ್ಮಲ್ಲಿ ಬಹಳ ಮಂದಿ ಮೊದಲು ನೋಡುವುದು ತುಂಗಭದ್ರಾ ಜಲಾಶಯದ ಮಟ್ಟವನ್ನು. ಇಂದು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ಎಲ್ಲರ ಬಾಯಲ್ಲೂ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆಯ ರೈತರು ನಿದ್ದೆಗೆಟ್ಟು ಕುಳಿತರು. ಹೂಳಿನ ಲೆಕ್ಕವೂ ನಮಗೆ ತಿಳಿದಿದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ, 2016ರ ಅಳತೆಯಂತೆ ಹಿಡಿಯುವುದು ಸುಮಾರು 105.8 ಟಿ.ಎಂ.ಸಿ. ಮಾತ್ರ.

ಆದರೆ ಇರಕಲ್ಲಗಡ ಹೋಬಳಿಯಲ್ಲಿ ಕಾಲುವೆ ನೀರು ಕಾಣದ ಹೊಲಗಳೇ ಹೆಚ್ಚು. ನಿಮ್ಮ ಜಲಾಶಯ ಇರುವುದು ನಿಮ್ಮ ಕಾಲಡಿಯಲ್ಲಿ. ಅದರ ಮಟ್ಟ ಇಂದು ಎಷ್ಟು ಅಡಿ ಇದೆ, ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು? ಈ ಪ್ರಶ್ನೆಗೆ ಊರಿನಲ್ಲಿ ಉತ್ತರ ಹೇಳುವವರು ಸಿಗುವುದಿಲ್ಲ. ಲೆಕ್ಕವಿಲ್ಲದ ಈ ಖಜಾನೆಯನ್ನು ನಂಬಿಯೇ ನಾವು ಸಾಲ ಮಾಡಿ 600, 800 ಅಡಿ ಬೋರು ಕೊರೆಸುತ್ತಿದ್ದೇವೆ.

ನೆಲದೊಳಗೆ ನೀರು ಹೇಗೆ ಹರಿಯುತ್ತದೆಂಬುದನ್ನು ಅಳೆದು ನಿಯಮ ಹೇಳಿದವನು ಫ್ರಾನ್ಸಿನ ಹೆನ್ರಿ ಡಾರ್ಸಿ ಎಂಬ ಎಂಜಿನಿಯರು. ಡಿಜಾನ್ ಪಟ್ಟಣಕ್ಕೆ ಕುಡಿಯುವ ನೀರು ತಂದವನು ಅವನೇ. ಕೊಳವೆಯಲ್ಲಿ ಮರಳು ತುಂಬಿ, ನೀರು ಹಾಯಿಸಿ, ಕಂಡದ್ದನ್ನು 1856ರಲ್ಲಿ ಪ್ರಕಟಿಸಿದ. ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ದಾರಿ ಉದ್ದವಾದಷ್ಟೂ ಸಂದು ಕಿರಿದಾದಷ್ಟೂ ಹರಿವು ಕಡಿಮೆ. ಇಷ್ಟೇ ನಿಯಮ. ಇಂದಿಗೂ ವಿಶ್ವವಿದ್ಯಾಲಯಗಳ ಸಂಶೋಧನೆ ಇದರ ಮೇಲೆಯೇ ನಿಂತಿದೆ. ಕಲ್ಲೆಣ್ಣೆ ತೆಗೆಯುವವರು ಲೆಕ್ಕ ಹಾಕುವುದೂ ಇದರಿಂದಲೇ. ಎಣ್ಣೆ ತುಂಬಿದ ಬಂಡೆಯನ್ನು ಅವರು ‘ರಿಸರ್ವಾಯರ್’ ಎಂದೇ ಕರೆಯುತ್ತಾರೆ. ಕಟ್ಟೆ ಇಲ್ಲದಿದ್ದರೂ ಅದು ಜಲಾಶಯವೇ!

ನಮ್ಮ ಬಂಡೆ ಎಂಥದು? ಊರ ಹೆಸರಿನಲ್ಲೇ ಕಲ್ಲೂ ಇದೆ, ಗಡವೂ ಇದೆ. ಕುಷ್ಟಗಿ ಕಡೆಯ ಗ್ರಾನೈಟ್ ಕಲ್ಲುಗಣಿಯ ಗೋಡೆಯನ್ನು ಒಮ್ಮೆ ನಿಂತು ನೋಡಿದರೆ ಪಾಠ ಅಲ್ಲೇ ಇದೆ. ಮೇಲೆ ಮಣ್ಣು, ಅದರ ಕೆಳಗೆ ಕೈಯಲ್ಲಿ ಪುಡಿಯಾಗುವ ಗರಸು, ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು, ಕೊನೆಗೆ ಅಖಂಡ ಬಂಡೆ. ಹೈದರಾಬಾದಿನ ದಕ್ಷಿಣಕ್ಕಿರುವ ಮಹೇಶ್ವರಂನಲ್ಲಿ ಇಂಥದೇ ಕಲ್ಲಿನ ನೆಲವನ್ನು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ ಬಹಳ ವರ್ಷ ಪರೀಕ್ಷಿಸಿದರು. ಅವರು ಕಂಡದ್ದು ಇದು: ನೀರನ್ನು ಹಿಡಿದಿಡುವುದು ಗರಸು, ಬೋರಿಗೆ ನೀರು ಹರಿಸುವುದು ಅದರ ಕೆಳಗಿನ ಬಿರುಕು ಕಲ್ಲು. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆಯಾಗುತ್ತವೆ.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿರಿ. 700 ಅಡಿಯಲ್ಲಿ ನೀರು ಸಿಕ್ಕಿತೆಂದರೆ ಅಲ್ಲಿ ಬೇರೊಂದು ಗಂಗೆ ಇದೆಯೆಂದು ನಾವು ತಿಳಿಯುತ್ತೇವೆ. ಅದು ಹೆಚ್ಚಾಗಿ ಮೇಲಿನ ನೀರೇ, ಸಂದಿನಿಂದ ಇಳಿದು ಬಂದದ್ದು. ಒಂದೇ ಕೊಡಕ್ಕೆ ಒಬ್ಬ ಗಿಡ್ಡ ಕೊಳವೆ ಇಟ್ಟಿದ್ದಾನೆ, ಇನ್ನೊಬ್ಬ ಉದ್ದ ಕೊಳವೆ ಇಟ್ಟಿದ್ದಾನೆ. ಉದ್ದ ಕೊಳವೆಯವನು ಕೊನೆಯ ಗುಟುಕು ಕುಡಿಯಬಹುದು, ಕೊಡ ಮಾತ್ರ ದೊಡ್ಡದಾಗುವುದಿಲ್ಲ.

ಆ ಕೊಡ ಎಷ್ಟು ಸಣ್ಣದು ಎಂಬುದನ್ನೂ ಹೇಳಬೇಕು. ನಮ್ಮಂಥ ಕಲ್ಲು ನೆಲದಲ್ಲಿ ನೂರು ಪಾಲು ಕಲ್ಲಿನಿಂದ ಹೊರಬರುವ ನೀರು ಒಂದೆರಡು ಪಾಲು. ಒಂದು ಪಾಲೆಂದು ಹಿಡಿದರೆ, ಹೊಲದ ಮೇಲೆ ಒಂದು ಇಂಚು ನಿಲ್ಲುವಷ್ಟು ನೀರನ್ನು ಕೆಳಗಿನಿಂದ ಎತ್ತಿದಾಗ ಅಂತರ್ಜಲ ನೂರು ಇಂಚು, ಅಂದರೆ ಎಂಟು ಅಡಿಗೂ ಹೆಚ್ಚು ಇಳಿಯುತ್ತದೆ. ಒಳ್ಳೆಯ ಮಳೆಯಾದ ವರ್ಷ ಬೋರು ಥಟ್ಟನೆ ತುಂಬಿ, ಮಾರ್ಚಿಗೆ ಥಟ್ಟನೆ ಬತ್ತುವುದೇಕೆಂದು ನೀವು ಕೇಳುತ್ತಿದ್ದಿರಲ್ಲ, ಕಾರಣ ಇದೇ.

ಈಗ ಆದಾಯ ಎಷ್ಟು, ಖರ್ಚು ಎಷ್ಟು ನೋಡೋಣ. ವರ್ಷಕ್ಕೆ 24 ಇಂಚು ಮಳೆ ಎಂದು ಹಿಡಿಯಿರಿ. ಗ್ರಾನೈಟ್ ನೆಲದಲ್ಲಿ ಅದರಲ್ಲಿ ಆಳಕ್ಕೆ ಇಂಗುವುದು ಸುಮಾರು ಎರಡು ಇಂಚು. ಎಕರೆಗೆ ಲೆಕ್ಕ ಹಾಕಿದರೆ ಎರಡು ಲಕ್ಷ ಲೀಟರು. ಗಂಟೆಗೆ 1,500 ಗ್ಯಾಲನ್, ಅಂದರೆ ಸುಮಾರು 6,800 ಲೀಟರು ಕೊಡುವ ಬೋರನ್ನು ದಿನಕ್ಕೆ ಏಳು ತಾಸಿನಂತೆ ನೂರು ದಿನ ನಡೆಸಿದರೆ 47 ಲಕ್ಷ ಲೀಟರಿಗೂ ಹೆಚ್ಚು ನೀರು ಬರುತ್ತದೆ. ಅದು 23 ಎಕರೆಯ ಮೇಲೆ ಬಿದ್ದು ಇಂಗಿದ ಇಡೀ ವರ್ಷದ ನೀರು. ನಿಮ್ಮ ಬೋರಿನ ಸುತ್ತಲಿನ 23 ಎಕರೆಯಲ್ಲಿ ಎಷ್ಟು ಬೋರುಗಳಿವೆ, ನೀವೇ ಎಣಿಸಿಕೊಳ್ಳಿರಿ.

ಈ 47 ಲಕ್ಷ ಲೀಟರಿನಲ್ಲಿ ಒಂದು ಎಕರೆ ಭತ್ತ ಕಷ್ಟದಿಂದ ಬಂದೀತು. ಶೇಂಗಾಕ್ಕೆ ಅದರ ಅರ್ಧ ಸಾಕು, ಹಿಂಗಾರಿ ಜೋಳಕ್ಕೆ ಮೂರರಲ್ಲೊಂದು ಪಾಲು. ಗಂಗಾವತಿಯ ಕಾಲುವೆ ಭತ್ತವನ್ನು ನೋಡಿ ಬೋರಿನ ಕೆಳಗೆ ಭತ್ತ ನಾಟುವುದು ನನ್ನ ಮಟ್ಟಿಗೆ ಸರಿಯಲ್ಲ, ನೀವು ಕೋಪಿಸಿಕೊಂಡರೂ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ ಜಲಾನಯನದಲ್ಲಿ ಇದೇ ವಿಷಯವನ್ನು ಹೊಲಹೊಲ ಸುತ್ತಿ ಅಳೆದಿದ್ದಾರೆ. ದಿಣ್ಣೆಗಿಂತ ತಗ್ಗಿನಲ್ಲಿ ನೀರು ಮೇಲಿರಬೇಕಾದ್ದು ಪ್ರಕೃತಿ. ಅಲ್ಲಿ ತಗ್ಗಿನ ಒಳ್ಳೆಯ ಭೂಮಿಯಲ್ಲೇ ಬೋರುಗಳು ಒತ್ತಾಗಿ, ತಗ್ಗಿನ ನೀರೇ ಹೆಚ್ಚು ಆಳಕ್ಕೆ ಹೋಗಿದೆ. ಹಳ್ಳಕ್ಕೆ ಕೆಳಗಿನಿಂದ ಒಸರುತ್ತಿದ್ದ ನೀರು ನಿಂತಿದೆ. ನಮ್ಮ ಹಳ್ಳಗಳ ದಂಡೆಯ ರೈತರು ಇದನ್ನು ಗಮನಿಸಬೇಕು.

ಹಾಗಾದರೆ ಕೆರೆ ಹೂಳೆತ್ತಿದರೆ ಸಾಲದೇ ಎಂದು ಕೆಲವರು ಕೇಳಬಹುದು. 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಹಿರೇಹಳ್ಳವನ್ನು ಜನರೇ ಸ್ವಚ್ಛ ಮಾಡಿದರು. ಅದೇ ವರ್ಷ ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳೂ ಜನರಿಂದಲೇ ಎದ್ದಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಒಡ್ಡು, ಕೃಷಿ ಹೊಂಡ, ಜಿನುಗು ಕೆರೆ ಇವೆಲ್ಲ ಆಗಲೇಬೇಕು. ಆದರೆ ತುಂಬುವ ಕೆಲಸ ಎಲ್ಲರ ಕಣ್ಣಿಗೆ ಕಾಣುತ್ತದೆ, ತೆಗೆಯುವುದು ರಾತ್ರಿ ಮೋಟಾರಿನಲ್ಲಿ ನಡೆಯುತ್ತದೆ. ಇಂಗಿದ ನೀರು ಹೊಸ ಬೋರುಗಳನ್ನು ಕರೆದರೆ ವರ್ಷ ಕಳೆಯುವುದರೊಳಗೆ ಹಳೆಯ ಸ್ಥಿತಿಯೇ.

ನೆರೆಯ ಆಂಧ್ರದ ಅನಂತಪುರ, ಕರ್ನೂಲು ಸೇರಿ ಏಳು ಬರದ ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಒಂದು ಯೋಜನೆ ನಡೆಯಿತು. ರೈತರೇ ಬಾವಿಯ ಮಟ್ಟ ಅಳೆದರು, ಮಳೆ ಅಳೆದರು, ಹಿಂಗಾರಿಗೆ ಮುಂಚೆ ಊರ ಸಭೆಯಲ್ಲಿ ನೀರಿನ ಬಜೆಟ್ ಹಾಕಿದರು. ಇಂಥ ಬೆಳೆ ಇಡಬೇಡವೆಂದು ಯಾರೂ ಆಜ್ಞೆ ಮಾಡಲಿಲ್ಲ. ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಬಹಳ ಮಂದಿ ತಾವಾಗಿಯೇ ಭತ್ತ ಕಡಿಮೆ ಮಾಡಿದರು.

ಈ ಕೆಲಸ ಇಲ್ಲಿಯೂ ಆಗಬೇಕು. ಬಳಕೆಯಲ್ಲಿಲ್ಲದ ಒಂದು ತೆರೆದ ಬಾವಿ ಅಥವಾ ಮೋಟಾರು ಇಳಿಸದ ಒಂದು ಬೋರನ್ನು ಊರವರು ಆರಿಸಿಕೊಳ್ಳಿರಿ. ಬೋರಾದರೆ ಅಳತೆಯಾದ ಕೂಡಲೇ ಮುಚ್ಚಳ ಬಿಗಿಯಲು ಮರೆಯಬೇಡಿ, ಮಕ್ಕಳು ಓಡಾಡುವ ಜಾಗ. ಹಗ್ಗಕ್ಕೆ ಅಡಿಗೊಂದು ಗುರುತು ಹಾಕಿ, ತುದಿಗೆ ಒಂದು ಸಣ್ಣ ಭಾರದ ಡಬ್ಬಿಯನ್ನು ಬೋರಲಾಗಿ ಕಟ್ಟಿ ಇಳಿಬಿಡಿರಿ. ನೀರಿಗೆ ತಾಗಿದಾಗ ಡುಬಕ್ ಎಂಬ ಸದ್ದು ಕೇಳುತ್ತದೆ. ಸುತ್ತಲಿನ ಮೋಟಾರುಗಳು ರಾತ್ರಿಯಿಡೀ ನಿಂತಿರುವ ದಿನ ಬೆಳಗಿನ ಜಾವ ಅಳೆಯಬೇಕು, ಇಲ್ಲದಿದ್ದರೆ ಪಂಪು ಎಳೆದ ತಗ್ಗನ್ನೇ ಅಳೆದಂತಾಗುತ್ತದೆ. ತಿಂಗಳಿಗೊಮ್ಮೆ ಆಗದಿದ್ದರೆ ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿ ಮುಗಿದ ಮೇಲೆ ಒಮ್ಮೆಯಾದರೂ ಆಗಲಿ. ರಾಜ್ಯದ ಅಂತರ್ಜಲ ನಿರ್ದೇಶನಾಲಯದವರು ತಾಲೂಕಿನಲ್ಲಿ ವೀಕ್ಷಣಾ ಬಾವಿಗಳನ್ನು ಅಳೆಯುತ್ತಾರೆ. ಕೊಪ್ಪಳಕ್ಕೆ ಹೋದಾಗ ನಿಮಗೆ ಹತ್ತಿರದ ಬಾವಿಯ ಹಿಂದಿನ ವರ್ಷಗಳ ಮಟ್ಟವನ್ನು ಕೇಳಿ ಬರೆದುಕೊಂಡು ಬನ್ನಿರಿ.

ಅಂಕಿಯನ್ನು ವಾಚನಾಲಯದ ಹಲಗೆಯ ಮೇಲೆ, ತುಂಗಭದ್ರೆಯ ಮಟ್ಟದ ಪಕ್ಕದಲ್ಲೇ, ತಾರೀಖು ಹಾಕಿ ಬರೆಯಿರಿ. ದೀಪಾವಳಿಯ ಅಳತೆ ಹೋದ ವರ್ಷಕ್ಕಿಂತ ಹತ್ತು ಅಡಿ ಕೆಳಗಿದ್ದರೆ ಆ ಹಿಂಗಾರಿಗೆ ಜೋಳ, ಕಡಲೆ ಬಿತ್ತಿರಿ. ಬೋರು ಕೊರೆಯುವ ಗಾಡಿಯವನಿಗೆ ಮುಂಗಡ ಕೊಡುವುದಿದ್ದರೂ ಆ ಹಲಗೆಯನ್ನು ನೋಡಿ ಬಂದ ಮೇಲೆ ಕೊಡಿರಿ.