ಜೋಡಿಗಾಲಿಯ ಗಾಡಿಗೆ ಗಾಳಿ ಎಷ್ಟು?

ಬಾಳ್ಳುಪೇಟೆಯ ಸಮೀಪದ ಕಾಫಿ ತೋಟದ ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಹಳೆಯ ಮಿನಿಬಸ್ಸೊಂದನ್ನು ಕೊಂಡು, ಅದರೊಳಗೆ ನಾಲ್ಕು ಮಂದಿ ಮಲಗಲು ಮಂಚಗಳು, ಸಣ್ಣದೊಂದು ಅಡಿಗೆಯ ಕಟ್ಟೆ, ನೀರಿನ ತೊಟ್ಟಿ, ಕೈಕಾಲು ತೊಳೆಯುವ ಕೋಣೆ ಇವುಗಳನ್ನೆಲ್ಲ ಮಾಡಿಸಿ ಅದನ್ನು ‘ಮನೆಗಾಡಿ’ಯಾಗಿ ಮಾರ್ಪಡಿಸಿಕೊಂಡಿದ್ದಾರಂತೆ. ವೃದ್ಧೆಯಾದ ತಾಯಿಯವರನ್ನು ಕೂರಿಸಿಕೊಂಡು ಶಿರಾಡಿ ಘಟ್ಟವನ್ನಿಳಿದು ಧರ್ಮಸ್ಥಳ, ಸುಬ್ರಹ್ಮಣ್ಯಗಳನ್ನು ನೋಡಿಕೊಂಡು ಬರುವ ಸಂಕಲ್ಪ ಅವರದು. ಗಾಡಿಯ ಹಿಂದಿನ ಅಚ್ಚಿಗೆ ಲಾರಿಯಲ್ಲಿರುವಂತೆಯೇ ಪಕ್ಕಕ್ಕೆರಡರಂತೆ ಜೋಡಿಗಾಲಿಗಳು. ಪಂಕ್ಚರ್ ಅಂಗಡಿಯವನು ‘ಅರವತ್ತೈದು ಸಾಕು, ಹೆಚ್ಚಾದರೆ ಪಾತ್ರೆಗಳೆಲ್ಲ ಕುಣಿಯುತ್ತವೆ’ ಎಂದನಂತೆ; ಪರಿಚಯದ ಲಾರಿ ಚಾಲಕನು ‘ತೊಂಬತ್ತಕ್ಕೆ ಕಡಿಮೆ ಹಾಕಬೇಡಿ’ ಎಂದನಂತೆ. ‘ಇವರಿಬ್ಬರಲ್ಲಿ ಯಾರ ಮಾತನ್ನು ನಂಬುವುದು?’ ಎಂಬುದು ಪತ್ರದ ಪ್ರಶ್ನೆ.

ಇಬ್ಬರನ್ನೂ ನಂಬತಕ್ಕದ್ದಲ್ಲವೆಂದು ನಾವು ಮೊದಲೇ ಹೇಳಿಬಿಡುತ್ತೇವೆ. ಅವರು ಅಜ್ಞರೆಂದು ಇದರ ಅರ್ಥವಲ್ಲ. ಗಾಡಿಯ ತೂಕವೆಷ್ಟೆಂಬುದನ್ನು ಇಬ್ಬರೂ ಕೇಳಲಿಲ್ಲ. ವೈದ್ಯನು ನಾಡಿಯನ್ನು ನೋಡದೆ ಕಷಾಯವನ್ನು ಹೇಳಿದಂತಾಯಿತು.

ಭಾರವನ್ನು ಹೊರುವುದು ರಬ್ಬರೆಂದು ಅನೇಕರ ತಿಳಿವಳಿಕೆ. ವಾಸ್ತವವಾಗಿ ಭಾರದ ಬಹುಪಾಲನ್ನು ಹೊರುವುದು ಅದರೊಳಗೆ ಅದುಮಿ ಕೂಡಿಸಿದ ಗಾಳಿ. ರಬ್ಬರು ಮತ್ತು ಅದರೊಳಗಿನ ಎಳೆಗಳು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರವನ್ನು ಪಡೆದಂದಿನಿಂದ ಇಂದಿನವರೆಗೆ ಟೈರಿನ ರೂಪದಲ್ಲಿ ಎಷ್ಟೋ ಬದಲಾವಣೆಗಳಾಗಿವೆ. ಈ ಮೂಲತತ್ತ್ವವು ಮಾತ್ರ ಬದಲಾಗಿಲ್ಲ. ಗಾಳಿ ಸಾಲದೆ ಹೋದರೆ ಚೀಲದ ಪಕ್ಕೆಗಳು ಪ್ರತಿಯೊಂದು ಸುತ್ತಿನಲ್ಲಿಯೂ ಬಗ್ಗಿ ನಿಗುರುತ್ತವೆ. ಮಿನಿಬಸ್ಸಿನ ಹದಿನಾರು ಅಂಗುಲದ ಗಾಲಿಯು ಒಂದು ಕಿಲೋಮೀಟರಿಗೆ ಸುಮಾರು 400 ಸಲ ಸುತ್ತುವುದು. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗಿ ಕಡೆಗೆ ತುಂಡಾಗುವುದನ್ನು ಎಲ್ಲರೂ ಕಂಡಿದ್ದೇವೆ. ಟೈರಿನ ಪಕ್ಕೆಗೆ ಆಗುವುದೂ ಇದೇ. ಟೈರು ಸಿಡಿಯುವುದು ಗಾಳಿ ಹೆಚ್ಚಾಗಿ ಎಂದು ಜನರು ಭಾವಿಸುವರು. ಆದರೆ ಗಾಳಿ ಕಡಿಮೆಯಾಗಿ, ಕಾದು, ಒಳಗಿನ ಎಳೆಗಳು ಸಡಿಲಿ ಸಿಡಿದ ಟೈರುಗಳೇ ಹೆಚ್ಚು.

ಹಾಗಾದರೆ ಗಾಳಿಯ ಪ್ರಮಾಣವನ್ನು ನಿಶ್ಚಯಿಸುವ ಕ್ರಮವೇನು? ಗಾಡಿಯು ಮಿನಿಬಸ್ಸಾಗಿದ್ದಾಗ ತಯಾರಕರು ಬಾಗಿಲ ಬಳಿಯ ಫಲಕದಲ್ಲಿಯೋ ಕೈಪಿಡಿಯಲ್ಲಿಯೋ ಕೊಟ್ಟಿದ್ದ ಸಂಖ್ಯೆಯು ಆಗಿನ ತೂಕಕ್ಕೆ ತಕ್ಕದ್ದು. ಈಗ ಆಸನಗಳು ಹೋಗಿ ಮಂಚ, ಕಪಾಟು, ತೊಟ್ಟಿಗಳು ಬಂದಿವೆ. ಆದುದರಿಂದ ಮೊದಲು ಗಾಡಿಯನ್ನು ವೇಬ್ರಿಡ್ಜಿಗೆ ಒಯ್ಯಬೇಕು. ಖಾಲಿ ಗಾಡಿಯನ್ನು ತೂಗಿಸಿ ಪ್ರಯೋಜನವಿಲ್ಲ. ನೀರು ತುಂಬಿ, ಗ್ಯಾಸಿನ ಸಿಲಿಂಡರು, ಅಕ್ಕಿ ಬೇಳೆ, ಹಾಸಿಗೆ, ತಾಯಿಯವರ ಔಷಧಿಯ ಪೆಟ್ಟಿಗೆ, ಕಡೆಗೆ ಪ್ರಯಾಣಿಕರನ್ನೂ ಕೂರಿಸಿಕೊಂಡು ಹೋಗತಕ್ಕದ್ದು. ಮುಂದಿನ ಗಾಲಿಗಳನ್ನು ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿ ಒಂದು ಚೀಟಿ, ಹಿಂದಿನವನ್ನು ಮಾತ್ರ ನಿಲ್ಲಿಸಿ ಇನ್ನೊಂದು ಚೀಟಿ. ಜಾಗವಿದ್ದಲ್ಲಿ ಒಂದು ಪಕ್ಕದ ಗಾಲಿಗಳನ್ನಷ್ಟೇ ತಕ್ಕಡಿಗೆ ಹತ್ತಿಸಿ ಎಡಬಲಗಳ ವ್ಯತ್ಯಾಸವನ್ನೂ ತಿಳಿದುಕೊಳ್ಳಬೇಕು. ಕಾಫಿ, ಮೆಣಸು, ಶುಂಠಿಯ ಮೂಟೆಗಳು ತೂಗುವ ಸೀಮೆಯಲ್ಲಿ ಲಾರಿಯ ತಕ್ಕಡಿಗೇನೂ ಬರವಿಲ್ಲ. ಕೊಯ್ಲಿನ ಕಾಲದಲ್ಲಿ ಸಾಲಿನಲ್ಲಿ ಕಾಯುವ ಸಹನೆಯೊಂದಿದ್ದರೆ ಸಾಕು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ನಮ್ಮ ಪತ್ರಲೇಖಕರ ಟೈರಿನ ಪಕ್ಕೆಯಲ್ಲಿ 7.50 ಆರ್ 16 ಎಂದೂ, ಅದರ ಮುಂದೆ 122/118 ಎಂದೂ ಅಚ್ಚಾಗಿದೆಯಂತೆ. ಈ ಎರಡನೆಯ ಜೋಡಿಸಂಖ್ಯೆಯನ್ನು ಓದಲು ಬಲ್ಲವರು ಕಡಿಮೆ. 122 ಎಂದರೆ ಟೈರು ಒಂಟಿಯಾಗಿದ್ದಾಗ 1,500 ಕೆ.ಜಿ. ಹೊರಬಲ್ಲದು, 118 ಎಂದರೆ ಅದೇ ಟೈರು ಜೋಡಿಯಲ್ಲಿದ್ದಾಗ 1,320 ಕೆ.ಜಿ. ಮಾತ್ರ. ಇಬ್ಬರು ಸೇರಿ ಹೊತ್ತರೆ ತಲಾ ಬಲವು ಕುಗ್ಗುವುದೇಕೆಂದು ವಾಚಕರು ಕೇಳಬಹುದು. ರಸ್ತೆಯು ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ. ಒಂದು ಗಾಲಿಯ ಅಡಿಗೆ ಕಲ್ಲು ಬಂದರೆ ಇನ್ನೊಂದು ಗಾಲಿಯು ತೂಗಾಡುತ್ತದೆ. ಎರಡರ ನಡುವೆ ಗಾಳಿಯಾಡದೆ ಬಿಸಿಯೂ ಹೆಚ್ಚು. ಭಾರವು ಯಾವ ಕ್ಷಣದಲ್ಲಿಯೂ ಸರಿಸಮವಾಗಿ ಹಂಚಿಹೋಗುವುದಿಲ್ಲವಾದ್ದರಿಂದ ಈ ಕಡಿತ.

ಹಿಂದಿನ ಅಚ್ಚಿನ ತೂಕವು 4,600 ಕೆ.ಜಿ. ಬಂದಿತೆಂದು ಇಟ್ಟುಕೊಳ್ಳಿ. ನಾಲ್ಕು ಟೈರುಗಳಿಗೆ ತಲಾ 1,150 ಆಯಿತು. ಎಷ್ಟೋ ನಿಶ್ಚಿಂತೆಯೆಂದು ತೋರುವುದು. ಆದರೆ ಅಡಿಗೆಯ ಕಟ್ಟೆಯೂ ನೀರಿನ ತೊಟ್ಟಿಯೂ ಎಡಪಕ್ಕದಲ್ಲಿಯೇ ಇದ್ದು, ಎಡಕ್ಕೆ 2,480, ಬಲಕ್ಕೆ 2,120 ಎಂದು ಹಂಚಿಹೋಗಿದ್ದರೆ ಎಡಗಡೆಯ ಒಂದೊಂದು ಟೈರಿನ ಮೇಲೆ 1,240 ಕೆ.ಜಿ. ಬಿತ್ತು. ಉಳಿದ ಅವಕಾಶವು ಟೈರಿಗೆ 80ರಂತೆ 160 ಕೆ.ಜಿ. ಆ ಮೂಲೆಯಲ್ಲಿ ಇನ್ನೂರು ಲೀಟರಿನ ಮತ್ತೊಂದು ತೊಟ್ಟಿಯನ್ನಿಟ್ಟರೆ ಮಿತಿಯು ಮೀರಿಯೇ ಹೋಯಿತು! ನೀರು ಲೀಟರಿಗೆ ಒಂದು ಕಿಲೋ ತೂಗುವುದೆಂಬುದನ್ನು ಮನೆಗಾಡಿಯನ್ನು ಕಟ್ಟುವವರು ಮರೆಯುತ್ತಾರೆ.

ಗಾಳಿಯನ್ನು ಆರಿಸುವಾಗ ಸರಾಸರಿಯಾದ 1,150ನ್ನಲ್ಲ, ಭಾರವಾದ ಪಕ್ಕದ 1,240ನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಟೈರಿನ ತಯಾರಕರು ‘ಇಷ್ಟು ಭಾರಕ್ಕೆ ಇಷ್ಟು ಗಾಳಿ’ ಎಂಬ ಕೋಷ್ಟಕವನ್ನು ಪ್ರಕಟಿಸಿರುತ್ತಾರೆ. ಅದರಲ್ಲಿ ಒಂಟಿಗೂ ಜೋಡಿಗೂ ಬೇರೆ ಬೇರೆ ಸಾಲುಗಳಿರುತ್ತವೆ. ಜೋಡಿಯ ಸಾಲಿನಲ್ಲಿ 1,240ಕ್ಕೆ ಸಮನಾದ, ಇಲ್ಲವೆ ಅದಕ್ಕಿಂತ ಒಂದು ಮನೆ ಮೇಲಿನ ಭಾರದ ಎದುರಿಗಿರುವ ಗಾಳಿಯನ್ನು ಹಿಂದಿನ ನಾಲ್ಕು ಟೈರುಗಳಿಗೂ ಒಂದೇ ಸಮನಾಗಿ ತುಂಬತಕ್ಕದ್ದು. ಹಗುರವಾದ ಪಕ್ಕಕ್ಕೆ ಕಡಿಮೆ ಹಾಕುವ ಜಾಣತನವು ಕೂಡದು; ಬ್ರೇಕು ಹಾಕಿದಾಗ ಗಾಡಿಯು ಒಂದು ಕಡೆಗೆ ಎಳೆಯುವುದು. ಮುಂದಿನ ಅಚ್ಚಿಗೆ ಅದರದೇ ಲೆಕ್ಕ, ಒಂಟಿಯ ಸಾಲು. ಕೋಷ್ಟಕವು ದೊರೆಯದಿದ್ದರೆ ಗಾಡಿಯ ಫಲಕದ ಸಂಖ್ಯೆಗೆ ಇಳಿಯದಂತೆಯೂ ಟೈರಿನ ಪಕ್ಕೆಯಲ್ಲಿ ಬರೆದ ಪರಮಾವಧಿಯನ್ನು ಮೀರದಂತೆಯೂ ನಡೆದುಕೊಳ್ಳಬೇಕು. ರಿಮ್ಮಿಗೂ ತನ್ನದೇ ಆದ ಮಿತಿಯುಂಟು. ಪಂಕ್ಚರ್ ಅಂಗಡಿಯವನು ಹೇಳಿದ ಪಾತ್ರೆಗಳ ಕುಣಿತವೂ ಸುಳ್ಳಲ್ಲ: ಬೇಕಾದುದಕ್ಕಿಂತ ಹೆಚ್ಚು ಗಾಳಿಯಾದರೆ ಟೈರು ನಡುವೆ ಮಾತ್ರ ನೆಲವನ್ನು ಮುಟ್ಟಿ ಹಿಡಿತವು ತಗ್ಗುವುದು, ಕುಲುಕಾಟವು ಹೆಚ್ಚುವುದು. ಆದರೆ ಕುಲುಕಾಟವನ್ನು ತಪ್ಪಿಸಲೆಂದು ಭಾರಕ್ಕೆ ಬೇಕಾದುದಕ್ಕಿಂತ ಕೆಳಗಿಳಿಯುವಂತಿಲ್ಲ. ಪಾತ್ರೆಗಳ ನಡುವೆ ಬಟ್ಟೆಯನ್ನು ತುರುಕಿದರಾಯಿತು.

ಇನ್ನು ಜೋಡಿಗಾಲಿಯ ನಿಜವಾದ ಅಪಾಯದ ವಿಚಾರ. ಬಾಳ್ಳುಪೇಟೆಯ ಹೆದ್ದಾರಿಯ ಬದಿಯಲ್ಲಿ ಲಾರಿಯ ಟೈರನ್ನು ಕಬ್ಬಿಣದ ಸಲಾಕೆಯಿಂದ ಬಡಿಯುತ್ತಿದ್ದ ವೃದ್ಧ ಚಾಲಕನೊಬ್ಬನು ಹಿಂದೊಮ್ಮೆ ನಮಗೆ ಹೇಳಿದ ಮಾತು ಈಗಲೂ ನೆನಪಿದೆ: ‘ಒಳಗಡೆ ಟೈರು ಒಳಮನೆ ಸೊಸೆ ಇದ್ದ ಹಾಗೆ, ಸ್ವಾಮಿ. ಎಷ್ಟು ಭಾರ ಬಿದ್ದರೂ ಬಾಯಿ ಬಿಡೋದಿಲ್ಲ.’ ಒಂಟಿಗಾಲಿಯ ಗಾಳಿ ಇಳಿದರೆ ಗಾಡಿಯು ವಾಲುವುದು, ಚುಕ್ಕಾಣಿಯು ಎಳೆಯುವುದು, ಚಾಲಕನಿಗೆ ಕೂಡಲೆ ತಿಳಿಯುವುದು. ಜೋಡಿಯಲ್ಲಿ ಒಳಗಿನದರ ಗಾಳಿ ಪೂರ್ತಿ ಇಳಿದರೂ ಹೊರಗಿನದು ಗಾಡಿಯನ್ನು ನೆಟ್ಟಗೆ ಎತ್ತಿ ಹಿಡಿದಿರುತ್ತದೆ. ನೋಡುವವರ ಕಣ್ಣಿಗೆ ಎಲ್ಲವೂ ಸರಿಯೇ. ಮೇಲಿನ ಲೆಕ್ಕದಂತೆ ಆಗ ಹೊರಗಿನ ಟೈರಿನ ಮೇಲೆ 2,480 ಕೆ.ಜಿ. ಬಿತ್ತು. ಒಂಟಿಯಾಗಿ ಅದು ಹೊರಬಲ್ಲುದು 1,500. ಇತ್ತ ಗಾಳಿಯಿಲ್ಲದ ಒಳಟೈರು ನಜ್ಜುಗುಜ್ಜಾಗುತ್ತ, ಪಕ್ಕದ ಟೈರಿಗೆ ಉಜ್ಜುತ್ತ ಕಾಯುತ್ತಲೇ ಹೋಗಿ, ಕಡೆಗೆ ಹೊತ್ತಿಕೊಳ್ಳುವುದೂ ಉಂಟು. ಅಡಿಗೆಯ ಅನಿಲವನ್ನು ಒಳಗಿಟ್ಟುಕೊಂಡ ಮನೆಗಾಡಿಯ ಕೆಳಗೆ ಬೆಂಕಿ ಎಂದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಸಲಾಕೆಯಿಂದ ಬಡಿದು ಶಬ್ದವನ್ನು ಕೇಳಿದರೆ ಪೂರ್ತಿ ಇಳಿದ ಟೈರು ಸಿಕ್ಕಿಬೀಳುವುದು. ಎಂಬತ್ತಕ್ಕೂ ಅರವತ್ತಕ್ಕೂ ಇರುವ ಭೇದವನ್ನು ಎಂತಹ ಪಳಗಿದ ಕಿವಿಯೂ ಹೇಳಲಾರದು. ಇಟ್ಟುಕೊಂಡ ಗಾಳಿಯಲ್ಲಿ ಐದನೆಯ ಒಂದು ಪಾಲು ಇಳಿದ ಟೈರನ್ನು ಗಾಳಿ ಹೋದ ಟೈರೆಂದೇ ಎಣಿಸಿ, ಬಿಚ್ಚಿಸಿ, ಒಳಗನ್ನು ಪರೀಕ್ಷಿಸದೆ ಮತ್ತೆ ಗಾಳಿ ತುಂಬಕೂಡದೆಂಬುದು ಟೈರು ಬಲ್ಲವರ ನಿಯಮ. 80 ಇರಬೇಕಾದಲ್ಲಿ 64 ಎಂದರೆ ಅದು ಆ ಗೆರೆ. ಜೋಡಿಯ ಎರಡರ ನಡುವೆ 5 ಪೌಂಡಿಗಿಂತ ಹೆಚ್ಚಿನ ಅಂತರವೂ ಸಲ್ಲದು. ಆದುದರಿಂದ ಅಳತೆಯ ಉಪಕರಣವಿಲ್ಲದೆ ಗತ್ಯಂತರವಿಲ್ಲ. ಒಳಗಿನ ವಾಲ್ವಿಗೆ ಕೈ ಎಟುಕುವುದಿಲ್ಲವೆಂದು ಅನೇಕರು ಹೊರಗಿನದನ್ನು ಮಾತ್ರ ಅಳೆದು ಕೈ ತೊಳೆದುಕೊಳ್ಳುವರು. ಉದ್ದನೆಯ ಕತ್ತಿನ, ಎರಡು ಮುಖದ ಗೇಜುಗಳು ದೊರೆಯುತ್ತವೆ. ವಾಲ್ವಿಗೆ ಲೋಹದ ನೀಳ ಕೊಳವೆಯನ್ನು ಭದ್ರವಾಗಿ ಕೂರಿಸಿಕೊಳ್ಳಲೂಬಹುದು. ಗಾಲಿಯನ್ನು ಬಿಚ್ಚಿ ಕೂಡಿಸುವಾಗ ಒಳಗಿನ ವಾಲ್ವು ಹೊರಗಿನ ರಿಮ್ಮಿನ ಕಿಂಡಿಗೆ ಸರಿಯಾಗಿ ಬರುವಂತೆ, ಎರಡು ವಾಲ್ವುಗಳೂ ಎದುರುಬದುರಾಗಿ ಇರುವಂತೆ ನಿಂತು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಗಾಳಿ ನೋಡಲು ಗಾಲಿಯನ್ನೇ ಬಿಚ್ಚಬೇಕಾದೀತು. ವಾಲ್ವಿನ ಮೇಲೆ ಲೋಹದ ಮುಚ್ಚಳವಿರಲಿ. ಈಚೆಗೆ ವಾಲ್ವಿಗೆ ತಿರುಗಿಸಿ ಕೂರಿಸುವ ಸೂಚಕಗಳು ಬಂದಿವೆ. ಚಾಲಕನ ಮುಂದಿನ ಪುಟ್ಟ ಪರದೆಯಲ್ಲಿ ಆರು ಗಾಲಿಗಳ ಗಾಳಿಯೂ ಶಾಖವೂ ಕಾಣುವುವು. ಹಣವಿದ್ದವರು ಬಣ್ಣದ ದೀಪಗಳಿಗೆ ಮೊದಲು ಇದನ್ನು ಕೊಳ್ಳಲೆಂದು ನಾವು ಹೇಳುತ್ತೇವೆ.

ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕುವ ಮಿತವ್ಯಯವು ನಮ್ಮಲ್ಲಿ ಬಹಳ. ಎರಡೂ ಒಂದೇ ಅಚ್ಚಿಗೆ ಬಿಗಿದವು. ಒಂದೇ ಸಮನೆ ಸುತ್ತಲೇಬೇಕು. ಅಡ್ಡಳತೆಯಲ್ಲಿ ಆರು ಮಿಲಿಮೀಟರು ಭೇದವಿದ್ದರೆ ಸುತ್ತಿಗೆ ಹತ್ತೊಂಬತ್ತು ಮಿಲಿಮೀಟರಿನಂತೆ, ನೂರು ಕಿಲೋಮೀಟರಿಗೆ ಮುಕ್ಕಾಲು ಕಿಲೋಮೀಟರಿನಷ್ಟು ದೂರದ ವ್ಯತ್ಯಾಸವನ್ನು ರಬ್ಬರು ರಸ್ತೆಗೆ ಉಜ್ಜಿಯೇ ತೀರಿಸಬೇಕು. ಈ ಅಳತೆಯ ಟೈರುಗಳಿಗೆ ಆ ಆರು ಮಿಲಿಮೀಟರೇ, ಎಂದರೆ ಕಾಲು ಅಂಗುಲವೇ, ಕಡೆಯ ಮಿತಿ.

ಗಾಳಿಯನ್ನು ಅಳೆಯುವ ಹೊತ್ತು ಬೆಳಗಿನ ಜಾವ, ಗಾಡಿ ಹೊರಡುವ ಮುನ್ನ. ಇಲ್ಲವೆ ನಿಂತು ಮೂರು ಗಂಟೆಗಳಾದ ಮೇಲೆ. ಇಲ್ಲಿ ಮಲೆನಾಡಿನವರು ತಿಳಿಯತಕ್ಕ ಸ್ವಾರಸ್ಯವೊಂದಿದೆ. ಸಕಲೇಶಪುರದ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಮಾಗಿಯ ಬೆಳಗ್ಗೆ 15 ಡಿಗ್ರಿಯ ಚಳಿಯಲ್ಲಿ 80 ಪೌಂಡು ತುಂಬಿಕೊಂಡು ಘಟ್ಟವನ್ನಿಳಿದು, ಕರಾವಳಿಯ 32 ಡಿಗ್ರಿಯ ಸೆಕೆಯಲ್ಲಿ ನಿಂತು ಆರಿದ ಟೈರನ್ನು ಅಳೆದರೆ ಗೇಜು ಸುಮಾರು 84 ತೋರಿಸುವುದು. ಸೆಕೆಯಿಂದ ಐದೂವರೆ ಪೌಂಡು ಏರಿ, ಕೆಳಗೆ ಹೊರಗಿನ ವಾಯುಭಾರವು ಹೆಚ್ಚಿರುವುದರಿಂದ ಒಂದೂವರೆ ಪೌಂಡು ಇಳಿದು ಬಂದ ಮೊತ್ತವದು. ತಿರುಗಿ, ಮಂಗಳೂರಿನ ಮಧ್ಯಾಹ್ನದಲ್ಲಿ 80 ತುಂಬಿಸಿಕೊಂಡು ಮನೆಗೆ ಬಂದರೆ ಮರುದಿನದ ಚಳಿಯಲ್ಲಿ 76 ಮಾತ್ರ ಇದ್ದೀತು. ಗಾಳಿ ಸೋರಿತೆಂದು ವಾಲ್ವನ್ನು ಶಂಕಿಸುವ ಮುನ್ನ ಈ ಲೆಕ್ಕವನ್ನು ನೆನೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಹತ್ತು ಹನ್ನೆರಡು ಪೌಂಡು ಏರಿಕೆ ಕಂಡರೂ ಗಾಳಿಯನ್ನು ಬಿಡಲೇಕೂಡದು. ಬಿಟ್ಟರೆ ಆರಿದ ಮೇಲೆ ಟೈರು ಬಡಕಲಾಗುವುದು.

ಶಿರಾಡಿಯ ಇಳಿಜಾರಿನಲ್ಲಿ ಬೇರೊಂದು ಶಾಖವಿದೆ. ಬ್ರೇಕನ್ನೇ ಒತ್ತುತ್ತ ಇಳಿದರೆ ಬ್ರೇಕಿನ ಡ್ರಮ್ಮು ಕಾದು, ಆ ಕಾವು ರಿಮ್ಮಿಗೂ ಟೈರಿಗೂ ಏರುವುದು. ಒಳಗಿನ ಟೈರಿಗೇ ಅದರ ಮೊದಲ ಪೆಟ್ಟು. ಮಾರನಹಳ್ಳಿಯನ್ನು ದಾಟಿದೊಡನೆ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕು. ಗುಂಡ್ಯದಲ್ಲಿ ಕಾಫಿಗೆ ನಿಲ್ಲಿಸಿದಾಗ ಆರೂ ಗಾಲಿಗಳ ಬಳಿಗೆ ಅಂಗೈಯನ್ನು ಒಯ್ದು, ಯಾವುದಾದರೂ ಮಿಕ್ಕವುಗಳಿಗಿಂತ ಹೆಚ್ಚು ಕಾದಿದೆಯೇ ಎಂದು ನೋಡಿ, ಜೋಡಿಗಳ ನಡುವೆ ಸಿಕ್ಕಿದ ಕಲ್ಲನ್ನು ತೆಗೆದು ಮುಂದೆ ಹೋಗುವುದು ಹತ್ತು ನಿಮಿಷದ ಕೆಲಸ.

ಮನೆಗಾಡಿಗಳ ಟೈರು ಸವೆದು ಸಾಯುವುದು ಅಪರೂಪ. ಮುಪ್ಪಿನಿಂದ ಸಾಯುವುದೇ ಹೆಚ್ಚು. ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಗುರುತಿರುತ್ತದೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಐದಾರು ವರ್ಷಗಳಾದ ಮೇಲೆ ಪ್ರತಿವರ್ಷವೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಪಟ್ಟೆಯು ಎಷ್ಟೇ ಆಳವಾಗಿ ಉಳಿದಿದ್ದರೂ ಹತ್ತು ವರ್ಷದ ಟೈರನ್ನು ಬಿಸುಡುವುದೇ ಸರಿ. ಸ್ಟೆಪ್ನಿಗೂ ಇದೇ ಮಾತು. ಆಷಾಢ ಶ್ರಾವಣಗಳ ಮಳೆಯಲ್ಲಿ ಗಾಡಿಯು ಕೊಟ್ಟಿಗೆಯಲ್ಲಿ ನಿಂತಿರುವಾಗಲೂ ತಿಂಗಳಿಗೊಮ್ಮೆ ಗಾಳಿಯನ್ನು ಅಳೆಯಬೇಕು. ಲೋಪವಿಲ್ಲದ ಟೈರೂ ತಿಂಗಳಿಗೆ ಒಂದೆರಡು ಪೌಂಡು ಕಳೆದುಕೊಳ್ಳುವುದು. ನೈಟ್ರೋಜನ್ ತುಂಬಿಸಿದರೆ ಹೇಗೆಂದು ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ತುಂಬಿಸಲಿ; ಆದರೆ ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ಅದು ಇದೆ, ಅಳೆಯುವ ಕೆಲಸವೇನೂ ಅದರಿಂದ ತಪ್ಪುವುದಿಲ್ಲ.

ಈ ಗೃಹಸ್ಥರ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ನಾವೇ ಕೇಳಬೇಕಾಗಿದೆ. ಬಸ್ಸನ್ನು ಮನೆಗಾಡಿಯಾಗಿ ಮಾರ್ಪಡಿಸಿದ್ದನ್ನು ಸಾರಿಗೆ ಕಚೇರಿಯಲ್ಲಿ ಒಪ್ಪಿಸಿ ನೋಂದಣಿ ಪತ್ರದಲ್ಲಿ ಬರೆಯಿಸಿದ್ದಾರೆಯೇ? ಹಾಗಿಲ್ಲದಿದ್ದರೆ ಯಾತ್ರೆಗೆ ಮುನ್ನ ಅದಾಗಲಿ. ಅಷ್ಟರಲ್ಲಿ ತೊಟ್ಟಿಯನ್ನು ತುಂಬಿ, ತಾಯಿಯವರನ್ನೂ ಕೂರಿಸಿಕೊಂಡು ತೂಗಿಸಿದ ಚೀಟಿಗಳನ್ನೂ ನಾಲ್ಕಂಕೆಯ ಗುರುತನ್ನೂ ನಮಗೆ ಕಳುಹಿಸಿಕೊಟ್ಟರೆ, ಕೋಷ್ಟಕದೊಡನೆ ಹೋಲಿಸಿ ಮುಂದಿನ ಸಂಚಿಕೆಯಲ್ಲಿ ಅವರ ಗಾಡಿಯದೇ ಸಂಖ್ಯೆಯನ್ನು ತಿಳಿಸುವೆವು.