ಲೈಟ್ ಆರಿಸಿದರೆ ರಿಪೇರಿ ಆದಂತಲ್ಲ

ದಸರಾ ಕಳೆದು ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ತ್ಯಾವಣಿಗೆ ಸುತ್ತಮುತ್ತ ಶೆಡ್ಡುಗಳಲ್ಲಿ ನಿಂತಿದ್ದ ಕಾರುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಕೊಂಡ ಕಾರುಗಳು ಇವು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಬೈಕು, ಬಸ್ಸೇ ಸಾಕು. ಮುಂಗಾರು ಹಿಡಿದಾಗ ಒಳಗೆ ಸೇರಿದ ಕಾರಿಗೆ ಮತ್ತೆ ಕೀ ಬೀಳುವುದು ಹಬ್ಬಕ್ಕೆ ಮಗ ಬಂದಾಗಲೇ. ಕೀ ತಿರುಗಿಸಿದರೆ ಡ್ಯಾಷ್‌ಬೋರ್ಡ್ ತುಂಬ ಹಳದಿ, ಕೆಂಪು ಲೈಟು. ಅಲ್ಲಿಂದ ಸೀದಾ ನನ್ನಂಥವರ ಗ್ಯಾರೇಜಿಗೆ. ಬಂದವರು ಕೇಳುವುದು ಒಂದೇ ಮಾತು: ‘ಆ ಲೈಟ್ ಒಂದು ಆರಿಸಿಕೊಡಪ್ಪಾ, ಸಾಕು.’

ಆರಿಸುವುದು ಏನೂ ಕಷ್ಟವಲ್ಲ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ, ಸ್ಕ್ಯಾನರ್ ಚುಚ್ಚಿ ಬಟನ್ ಒತ್ತಿದರೆ ಆಯಿತು. ಆದರೆ ಅದು ಬೇಯದ ಅಡಿಕೆಗೆ ಚೊಗರು ಬಳಿದ ಹಾಗೆ. ಯಾವ ತೊಂದರೆಗೆ ಲೈಟು ಬಂತೋ ಅದು ಒಳಗೆ ಹಾಗೆಯೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತೊಂದರೆ ಕಾಣಿಸಿಕೊಂಡ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರು ಬರೆದಿಟ್ಟುಕೊಂಡಿರುತ್ತದೆ. ಲೈಟು ಆರಿಸಲು ಆ ತೊಂದರೆಯ ಕೋಡ್ ಅಳಿಸಿದಾಗ ಈ ಬರಹವೂ ಅಳಿಸಿಹೋಗುತ್ತದೆ. ಆಮೇಲೆ ಬರುವ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕು. ಆದ್ದರಿಂದ ಯಾರ ಹತ್ತಿರವೇ ಹೋಗಿ, ಮೊದಲು ಕೋಡ್ ಓದಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಳಿಸುವ ಮಾತು ಆಮೇಲೆ.

ಬಣ್ಣ ನೋಡುವುದನ್ನೂ ಕಲಿಯಬೇಕು. ಆಯಿಲ್ ಪ್ರೆಶರಿನ ಕೆಂಪು ಲೈಟು, ಇಂಜಿನ್ ಬಿಸಿಯಾದ ಕೆಂಪು ಲೈಟು ಬಂದರೆ ಇದ್ದ ಜಾಗದಲ್ಲೇ ಆಫ್ ಮಾಡಬೇಕು, ಮನೆ ಮುಟ್ಟುವ ತನಕ ಓಡಿಸೋಣ ಎನ್ನಬಾರದು. ಇಂಜಿನ್ ಚಿತ್ರದ ಹಳದಿ ಲೈಟು ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ, ನಿಧಾನವಾಗಿ ಗ್ಯಾರೇಜಿಗೆ ತರಬಹುದು. ಅದೇ ಲೈಟು ಮಿಣುಕುತ್ತಿದ್ದರೆ ಬೇರೆ ಮಾತು. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹಸಿಯಾಗಿಯೇ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ. ಅದು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡರೆ ಒಳಗಿನ ಜಾಲರಿಯೇ ಕರಗುತ್ತದೆ. ಆ ಭಾಗದ ಬೆಲೆ ಕೇಳಿದವರಿಗೆ ಗೊತ್ತು.

ಹಳೇ ಕಾರು ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಕೀ ಆನ್ ಮಾಡಿದಾಗ, ಇಂಜಿನ್ ಚಾಲೂ ಆಗುವ ಮೊದಲು, ಆ ಹಳದಿ ಲೈಟು ಬಂದೇ ಬರಬೇಕು. ಬರಲಿಲ್ಲ ಎಂದರೆ ಗಾಡಿ ಚೆನ್ನಾಗಿದೆ ಎಂದಲ್ಲ, ಬಲ್ಬು ಸತ್ತಿರಬಹುದು, ಇಲ್ಲವೇ ಯಾರೋ ಅದರ ಸಂಪರ್ಕ ತೆಗೆದಿರಬಹುದು. ಮಾರುವ ಮೊದಲು ಹಾಗೆ ಮಾಡುವವರು ಇದ್ದಾರೆ. ಅದು ಮೋಸ, ನಮ್ಮ ಕಸುಬಿಗೇ ಕೆಟ್ಟ ಹೆಸರು ತರುವ ಮೋಸ.

ನಿಂತ ಗಾಡಿಯಲ್ಲಿ ನಾನು ಮೊದಲು ನೋಡುವುದು ಬ್ಯಾಟರಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಅರ್ಧ ಇಳಿದಿರುತ್ತದೆ, 11.8 ಎಂದರೆ ಬಹುತೇಕ ಖಾಲಿ. ಗಾಡಿ ಲಾಕ್ ಆಗಿ ನಿಂತಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರುಗಳು ಚೂರುಚೂರೇ ಕರೆಂಟ್ ಎಳೆಯುತ್ತಲೇ ಇರುತ್ತವೆ. ಬ್ಯಾಟರಿ ಇಳಿದಾಗ ಸೆಲ್ಫ್ ಹೊಡೆದರೆ ವೋಲ್ಟೇಜ್ ಇನ್ನೂ ಕುಸಿದು, ಒಂದು ಕಂಪ್ಯೂಟರಿಗೆ ಇನ್ನೊಂದರ ಮಾತು ಕೇಳಿಸದೆ, ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ಎಲ್ಲದರ ಲೈಟೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ನೋಡಿದವರಿಗೆ ಕಾರೇ ಹಾಳಾಯಿತು ಅನಿಸುತ್ತದೆ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಅದರಲ್ಲಿ ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಉಳಿದದ್ದು ಮಾತ್ರ ನಿಜವಾದ ತೊಂದರೆ.

ಗಾಡಿ ತಿಂಗಳುಗಟ್ಟಲೆ ನಿಲ್ಲುವುದು ನಮ್ಮಲ್ಲಷ್ಟೇ ಅಲ್ಲ. ಕೆನಡಾದಂಥ ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ. ತಳ ತುಕ್ಕು ಹಿಡಿಯುತ್ತದೆಂದು ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನು ಗ್ಯಾರೇಜಿನಲ್ಲಿ ಮುಚ್ಚಿಟ್ಟು ಹಿಮ ಕರಗಿದ ಮೇಲೆ ತೆಗೆಯುತ್ತಾರೆ. ಅವರಿಗೂ ಇವೇ ಲೈಟು, ನಿಂತ ಗಾಡಿಗೆ ನಮ್ಮಲ್ಲಿ ಆಗುವಂಥದೇ ಇಲಿ ಕಾಟ. ಆದರೆ ಅಲ್ಲಿ ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ ಹೋಗುವ ರೂಢಿ ಇದೆ. ನಮ್ಮಲ್ಲೂ ಅಂಥ ಚಾರ್ಜರ್ ಸಿಗುತ್ತದೆ, ಹಾಕುವವರು ಕಡಿಮೆ. ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಆಫ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ, ಇನ್ನಷ್ಟು ಇಳಿಯಬಹುದು. ಓಡಿಸುವುದಾದರೆ ದಾವಣಗೆರೆಯ ತನಕವಾದರೂ ಹೋಗಿಬನ್ನಿ. ಇನ್ನು ಪೆಟ್ರೋಲಿನ ವಿಷಯ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಿಗುವುದು ಅದೇ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸುವ ಗಾಡಿಯ ಟ್ಯಾಂಕು ಅರ್ಧಂಬರ್ಧ ಇರುವುದಕ್ಕಿಂತ ತುಂಬಿರುವುದೇ ವಾಸಿ, ಒಳಗೆ ಗಾಳಿಗೆ ಜಾಗ ಕಡಿಮೆ.

ಈಗ ಒಂದು ಕಾರಿನ ಕಥೆ ಹೇಳಲೇಬೇಕು. ಕಳೆದ ಮಳೆಗಾಲ ಮುಗಿದ ಮೇಲೆ ಕತ್ತಲಗೆರೆ ಕಡೆಯಿಂದ ಬಂದದ್ದು. ಮಗ ಆಸೆಪಟ್ಟು ಕೊಂಡ, ಟರ್ಬೊ ಇಂಜಿನ್ನಿನ, ನೆಲಕ್ಕೆ ಒತ್ತಿಕೊಂಡು ಓಡುವ ಗಾಡಿ. ಅಡಿಕೆ ಬೇಯಿಸುವ ಒಲೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಒಂದು ಸರ್ವಿಸ್ ಸೆಂಟರಿನಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ತರಿಸಬೇಕು, ವೈರಿಂಗ್ ಹಾರ್ನೆಸ್ಸನ್ನೂ ಬದಲಿಸಬೇಕಾಗಬಹುದು ಎಂದು ಹೇಳಿದ್ದರಂತೆ. ಮನೆಯ ಯಜಮಾನರು ಅದಕ್ಕೆ ಆಗುವ ಖರ್ಚು ಕೇಳಿ ಕಂಗಾಲಾಗಿದ್ದರು.

ಸ್ಕ್ಯಾನರ್ ಹಾಕಿದೆ. ಪಿ0135 ಬಂತು. ಆ ಕೋಡ್ ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಸೆನ್ಸರನ್ನು ಬಿಸಿ ಮಾಡುವ ಹೀಟರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ ಹೇಳುತ್ತದೆ. ಸರ್ಕ್ಯೂಟ್ ಎಂದರೆ ಫ್ಯೂಸು, ರಿಲೇ, ವೈರು, ಕನೆಕ್ಟರ್, ಕೊನೆಗೆ ಹೀಟರ್. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಹೀಟರ್ ಅಳೆದೆ. ಕೆಲವೇ ಓಮ್ ಇರಬೇಕು, ಇತ್ತು. ಅಂದರೆ ಹೀಟರ್ ಬದುಕಿದೆ. ಫ್ಯೂಸ್ ಸರಿ ಇತ್ತು. ಇಂಜಿನ್ ಚಾಲೂ ಮಾಡಿ ಕನೆಕ್ಟರಿಗೆ ಬರಬೇಕಾದ ಹನ್ನೆರಡು ವೋಲ್ಟ್ ಹುಡುಕಿದರೆ ಸೊನ್ನೆ. ನಡುವೆ ಎಲ್ಲೋ ವೈರು ಕಡಿದಿರಬೇಕು ಎನಿಸಿತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಅದರ ಹಿಂದೆ ಅಡಿಕೆ ಸಿಪ್ಪೆಯ ನಾರು, ಹಳೇ ಚೀಲದ ದಾರ, ಹಿಕ್ಕೆ, ಎಲ್ಲ ಸೇರಿಸಿ ಇಲಿ ಗೂಡು ಕಟ್ಟಿತ್ತು. ಗೂಡಿನ ಕೆಳಗೇ ಒಂದು ವೈರು ಪೂರ್ತಿ ತುಂಡು, ಪಕ್ಕದ ಎರಡರ ಮೇಲೆ ಹಲ್ಲಿನ ಗುರುತು. ತುಂಡಾದದ್ದನ್ನು ಬೆಸುಗೆ ಹಾಕಿ, ಮೂರಕ್ಕೂ ಶಾಖಕ್ಕೆ ಬಿಗಿಯಾಗುವ ಟ್ಯೂಬು ತೊಡಿಸಿ, ಕೋಡ್ ಅಳಿಸಿ, ಸಂತೇಬೆನ್ನೂರಿನ ತನಕ ಓಡಿಸಿಕೊಂಡು ಬಂದೆ. ಕೋಡ್ ಮತ್ತೆ ಬರಲಿಲ್ಲ.

ನನ್ನ ಜಾಣತನ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ದಿನ ನನಗೆ ಅನುಕೂಲವಾದದ್ದು ಕೋಡಿನ ಮೊದಲ ಅಂಕಿ. ಪಿ ಆದ ಮೇಲೆ ಸೊನ್ನೆ ಬಂದರೆ ಆ ಕೋಡ್ ಎಲ್ಲ ಕಂಪನಿಗೂ ಒಂದೇ, ಅರ್ಥ ಎಲ್ಲರಿಗೂ ಸಿಗುತ್ತದೆ. ಸೊನ್ನೆಯ ಜಾಗದಲ್ಲಿ ಒಂದು ಇದ್ದರೆ ಅದು ಆ ಕಂಪನಿಯ ಸ್ವಂತ ಕೋಡ್. ಅದರ ಅರ್ಥ, ಅದಕ್ಕೆ ಸಂಬಂಧಿಸಿದ ವೈರಿಂಗ್ ನಕ್ಷೆ, ಅಳತೆಗಳು ಕಂಪನಿಯ ಒಳಗೇ ಉಳಿಯುತ್ತವೆ. ಈಚಿನ ಕೆಲವು ಗಾಡಿಗಳಲ್ಲಿ ಹೊರಗಿನ ಸ್ಕ್ಯಾನರಿಗೆ ಕೋಡ್ ಓದಲು ಮಾತ್ರ ಬಿಡುತ್ತಾರೆ, ಪರೀಕ್ಷೆ ಮಾಡಲು ಬಿಡುವುದಿಲ್ಲ. ಅಂಥ ಕಾರು ಬಂದರೆ, ಕಡಿದ ವೈರು ಕಣ್ಣೆದುರೇ ಇದ್ದರೂ ಅದು ಯಾವುದರದ್ದು ಎಂದು ಹೇಳಲಾರದೆ ದಾವಣಗೆರೆಗೋ ಶಿವಮೊಗ್ಗಕ್ಕೋ ಕಳಿಸಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೆಕ್ಯಾನಿಕ್‌ಗಳದ್ದೂ ಇದೇ ಪಾಡು. ಓಡದ ಗಾಡಿಯನ್ನು ಟೋಯಿಂಗ್ ಮಾಡಿಸುವ ಖರ್ಚು ಯಾರ ತಲೆಗೆ? ಗಾಡಿಯವರ ತಲೆಗೇ.

ಹೀಗೆ ಮಾಹಿತಿ ಮುಚ್ಚಿಡುವುದು ಸರಿಯಲ್ಲ ಎಂದು ದೇಶದ ದೊಡ್ಡ ಸಂಸ್ಥೆಯೊಂದು ಹಿಂದೆಯೇ ಹೇಳಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಪರೀಕ್ಷಾ ಸಲಕರಣೆ, ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಅವುಗಳ ತಪ್ಪು. ಅವನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿಗೆ, ಕೋರ್ಟಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆಂದು ಸಮಿತಿ ಮಾಡಿತು, ಕೃಷಿ ಯಂತ್ರ ಮತ್ತು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕೆಂದೇ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಪೋರ್ಟಲಿನಲ್ಲಿ ಕಂಪನಿಗಳು ತಮಗೆ ಇಷ್ಟ ಬಂದಷ್ಟು ಮಾಹಿತಿ ಹಾಕಿದರೆ ಗ್ಯಾರೇಜಿನ ನೆಲದಲ್ಲಿ ಮಲಗಿ ಕೆಲಸ ಮಾಡುವವನಿಗೆ ಪ್ರಯೋಜನವಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರುಗಳಿಗೆ ರಿಪೇರಿ ಹಕ್ಕಿನ ಕಾನೂನನ್ನೇ ತಂದಿತು. ಕೊಲರಾಡೊ 2023ರಲ್ಲಿ ರೈತರ ಯಂತ್ರಗಳಿಗೂ ತಂದಿತು.

ರೈತರ ಯಂತ್ರ ಎಂದಾಗ ನಮ್ಮ ಊರಿಗೆ ಇದು ಎಷ್ಟು ಹತ್ತಿರದ ಮಾತು ಎಂದು ತಿಳಿಯಬೇಕು. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರು ನಾವು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೂ ಬಿಗಿ ಹೊಗೆ ನಿಯಮ ಬಂದಿದೆ, ಅವುಗಳಲ್ಲೂ ಈಗ ಸೆನ್ಸರು, ಕಂಪ್ಯೂಟರು. ಕಾರು ಹಬ್ಬಕ್ಕೆ ತಪ್ಪಿದರೆ ಬಸ್ಸಿನಲ್ಲಿ ಹೋಗಬಹುದು. ಗದ್ದೆಗೆ ನೀರು ಬಿಟ್ಟ ವಾರದಲ್ಲಿ ಟ್ರ್ಯಾಕ್ಟರ್ ಲೈಟು ಹಾಕಿಕೊಂಡು ನಿಂತರೆ ರೈತ ಕಂಪನಿಯ ಇಂಜಿನಿಯರ್ ಬರುವ ತನಕ ಕಾಯಲಾರ.

ಕಂಪನಿಗಳು ಕಳ್ಳತನದ, ಸುರಕ್ಷತೆಯ ಮಾತು ಎತ್ತುತ್ತವೆ. ಕೀ ಪ್ರೋಗ್ರಾಂ ಮಾಡುವುದು, ಏರ್‌ಬ್ಯಾಗ್ ಸೆಟ್ ಮಾಡುವುದು ಎಲ್ಲರ ಕೈಗೆ ಹೋಗಬಾರದು, ಒಪ್ಪುತ್ತೇನೆ. ಅವಕ್ಕೆ ಬೀಗ ಇರಲಿ. ಆದರೆ ಯಾವ ಬಣ್ಣದ ವೈರು ಯಾವ ಸೆನ್ಸರಿಗೆ ಹೋಗುತ್ತದೆ ಎಂದು ತಿಳಿದರೆ ಯಾವ ಕಳ್ಳನಿಗೂ ಲಾಭವಿಲ್ಲ. ದೇಶದಲ್ಲಿ ಮಾರುವ ಪ್ರತಿ ಗಾಡಿಯ ವೈರಿಂಗ್ ನಕ್ಷೆ, ಸ್ವಂತ ಕೋಡುಗಳ ಅರ್ಥ, ಅಳತೆಗಳು ನ್ಯಾಯವಾದ ಶುಲ್ಕಕ್ಕೆ ನೋಂದಾಯಿತ ಗ್ಯಾರೇಜಿಗೆ ಸಿಗಬೇಕು ಎಂದು ಕೇಂದ್ರ ಕಾನೂನೇ ಮಾಡಬೇಕು, ಕೊಡದಿದ್ದರೆ ಮಾದರಿಗೆ ಅನುಮತಿ ಇಲ್ಲ ಎನ್ನಬೇಕು. ರಾಜ್ಯ ಸರ್ಕಾರ ಜಿಲ್ಲೆಯ ಐಟಿಐಗಳಲ್ಲಿ ಈಗಾಗಲೇ ಗ್ಯಾರೇಜು ನಡೆಸುತ್ತಿರುವವರಿಗೆ ಸ್ಕ್ಯಾನರ್, ಮಲ್ಟಿಮೀಟರ್ ಹಿಡಿದು ಸರ್ಕ್ಯೂಟ್ ಹುಡುಕುವ ಸಂಜೆ ತರಗತಿ ತೆರೆಯಲಿ. ನಮ್ಮ ಸಂಸದರು, ಶಾಸಕರು ಅಡಿಕೆಯ ಬೆಲೆಗೆ ದೆಹಲಿ ತನಕ ಹೋಗಿ ಮನವಿ ಕೊಡುತ್ತಾರೆ. ಮುಂದಿನ ಸಲ ಹೋಗುವಾಗ ಈ ಬೇಡಿಕೆಯನ್ನೂ ಜೊತೆಗೆ ಒಯ್ಯಲಿ.