ಕಿರುಚುವವರಿಗೂ ಒಂದು ಮೈಕು ಕೊಡಿ

ನಂಜನಗೂಡಿನ ನಮ್ಮ ಮನೆ ಮಹಡಿಯ ಸದ್ದಿನ ಬಗ್ಗೆ ಬೀದಿಯವರೆಲ್ಲ ನನ್ನ ಹತ್ತಿರ ದೂರು ಹೇಳಿದ್ದಾಗಿದೆ. ಮಗ ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಮೂವರು ಗೆಳೆಯರನ್ನು ಕೂಡಿಸಿಕೊಂಡು ಮೆಟಲ್ ಎಂಬ ಸಂಗೀತ ನುಡಿಸುತ್ತಾನೆ. ಗಿಟಾರು ಗರಗಸದಂತೆ, ಹಾಡುವವನ ಗಂಟಲು ಹರಿದಂತೆ. "ದೇವರ ಮುಂದಿನ ದೀಪ ಆರಿಹೋದೀತು ಕಣೋ" ಎಂದು ನಾನೂ ಬೈದವಳೇ. ಈಗ ನನ್ನ ಜಗಳ ಅವನ ಮೇಲಲ್ಲ, ಬಾನುಲಿಯ ಮೇಲೆ.

ಅವನೊಮ್ಮೆ ಬಿಬಿಸಿಯ ಹಳೆಯ ಧ್ವನಿಮುದ್ರಣ ಕೇಳಿಸಿದ. ಜಾನ್ ಪೀಲ್ ಎಂಬ ನಿರೂಪಕರು (2004ರಲ್ಲಿ ತೀರಿಕೊಂಡರು) ಯಾರೂ ಕೇಳಿರದ ತಂಡಗಳನ್ನು ಸ್ಟುಡಿಯೋಗೆ ಕರೆಸುತ್ತಿದ್ದರಂತೆ. ಒಂದೇ ದಿನದಲ್ಲಿ ನುಡಿಸಿ, ಮುದ್ರಿಸಿ, ಹೊರಡಬೇಕು. ತಿದ್ದಿ ತೀಡಲು ಪುರುಸೊತ್ತಿಲ್ಲ. 1987ರಲ್ಲಿ ನೇಪಾಮ್ ಡೆತ್ ಎಂಬ ತಂಡ ಹಾಗೆ ಹನ್ನೆರಡು ಹಾಡುಗಳನ್ನು ಆರೇಳು ನಿಮಿಷದೊಳಗೆ ಮುಗಿಸಿತ್ತು. ಹಾಡೆಂದರೆ ಹಾಡೇ ಅದು? ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಜನರ ದುಡ್ಡಿನಲ್ಲಿ ನಡೆಯುವ ಬಾನುಲಿ ಆ ಹುಡುಗರ ಕೂಗನ್ನು ಕೂಗಾಗಿಯೇ ಉಳಿಸಿಕೊಂಡಿದೆಯಲ್ಲ!

ಈ ಸಂಗೀತ ಹುಟ್ಟಿದ್ದೂ ಕಾರ್ಖಾನೆಯ ಊರಲ್ಲೇ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಅವನಿಗೆ ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗಲಾರೆನೆಂದಾಗ, ಹೋಗಿ ಮುಗಿಸಿ ಬಾ ಎಂದು ಕಳಿಸಿದ್ದು ತಾಯಿ. ಹೋದವನ ಎರಡು ಬೆರಳುಗಳ ತುದಿ ಯಂತ್ರದ ಪಾಲಾಯಿತು. ಆಮೇಲೆ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಮುಂದೆ ತಂತಿ ಸಡಿಲಿಸಿ ನುಡಿಸಿದ. ಮೆಟಲ್‌ನ ಆ ಭಾರವಾದ ನಾದಕ್ಕೆ ಅದೂ ಒಂದು ಮೂಲ. ಮಗನ ಊಟದ ಡಬ್ಬಿ ಕಟ್ಟುವಾಗೆಲ್ಲ ನನಗೆ ಆ ತಾಯಿಯದೇ ನೆನಪು.

"ಅದನ್ನೆಲ್ಲ ಬಾನುಲಿಯಲ್ಲಿ ಹಾಕಲು ಮರ್ಯಾದೆ ಬೇಡವೇ?" ಎನ್ನುವಿರಾ? ಈ ಮರ್ಯಾದೆಯ ಕಥೆ ನಮಗೇ ಗೊತ್ತಿದೆ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದ್ದು ಇಲ್ಲೇ, ಮೈಸೂರಿನಲ್ಲಿ. ಆಕಾಶವಾಣಿ ಎಂಬ ಹೆಸರೂ ನಮ್ಮೂರ ಕೊಡುಗೆ. ಆದರೆ ದೇಶದ ಬಾನುಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ದೂರವಿಟ್ಟಿತು. ನಮ್ಮ ಮನೆಗಳ ಹೆಣ್ಣುಮಕ್ಕಳು ಸರಳೆ ಕಲಿತ ಹಾರ್ಮೋನಿಯಂ! 1952ರಲ್ಲಿ ಮಂತ್ರಿ ಕೇಸ್ಕರರಿಗೆ ಸಿನಿಮಾ ಹಾಡು ಕೀಳೆನಿಸಿತು. ಆಗ ಹುಡುಗಿಯಾಗಿದ್ದ ನಮ್ಮಮ್ಮ ಸಿಲೋನ್ ತಿರುಗಿಸಿದಳು. ಅವಳಂಥವರು ಸಿಲೋನ್ ಬಿಡಲಿಲ್ಲವೆಂದೇ 1957ರಲ್ಲಿ ವಿವಿಧಭಾರತಿ ಬಂತು.

ಸದ್ದಿಗೆ ನಾವೇನು ಹೊಸಬರೇ? ದೊಡ್ಡ ಜಾತ್ರೆಯ ತಮಟೆಗೆ ಎದೆ ನಡುಗಿದರೆ ಪುಣ್ಯವೆನ್ನುತ್ತೇವೆ.

ಬೆಂಗಳೂರಿನ ಕ್ರಿಪ್ಟೋಸ್ ತಂಡ 1998ರಿಂದ ನುಡಿಸುತ್ತಿದೆ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವಕ್ಕೂ ಹೋಗಿಬಂತು. ಅಂಥವರು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಪಾಳಿ ಮುಗಿಸಿ ಬರುವ ಹುಡುಗರಿಗೆ ಒಳ್ಳೆಯ ಮೈಕು ಎಲ್ಲಿಂದ ಬರಬೇಕು? ತಿಂಗಳಿಗೊಂದು ದಿನ ಸ್ಟುಡಿಯೋ ಬಾಗಿಲು ತೆರೆಯಿರಿ. ತಪ್ಪಿದ ತಾಳ, ಒಡೆದ ಗಂಟಲು, ಎಲ್ಲವೂ ಇದ್ದ ಹಾಗೇ ಇರಲಿ. ರಾತ್ರಿ ಹನ್ನೊಂದರ ಮೇಲೆ ಬಿತ್ತರಿಸಿ, ಮಲಗುವವರು ಮಲಗಲಿ.

ಹೀಗೆಂದು ಕಾಗದ ಬರೆದು ಅಂಚೆಗೆ ಹಾಕಿದ್ದೇನೆ. ಸದ್ಯಕ್ಕೆ ಮಹಡಿಯ ಬಾಗಿಲಿಗೆ ಹಳೆಯ ಕಂಬಳಿ ಕಟ್ಟಿದೆ. ಪಕ್ಕದ ಮನೆ ಹುಡುಗಿಗೆ ಪರೀಕ್ಷೆ.